ಕರಾವಳಿಯ ಅಂತರ್ಜಲ: ಎಷ್ಟು ಎತ್ತಬಹುದು, ಯಾವಾಗ ಎತ್ತಬಹುದು?

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಅದರ ಮುಕ್ಕಾಲಿಗೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅದೇ ಊರುಗಳಲ್ಲಿ ಏಪ್ರಿಲ್ ಹೊತ್ತಿಗೆ ನೀರಿನ ಟ್ಯಾಂಕರ್‌ಗಳು ಓಡಾಡತೊಡಗುತ್ತವೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದಲೂ ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದಲೂ ನೀರು ಬರುತ್ತದೆ. ಎರಡೂ ಬೇಸಿಗೆಯ ಕೊನೆಗೆ ತಳ ಕಾಣುವಂಥವೇ. ಮಂಗಳೂರಿನಲ್ಲಿ 2016, 2019 ಮತ್ತು 2023ರ ಬೇಸಿಗೆಗಳಲ್ಲಿ ನೀರು ಬಿಡುವುದಕ್ಕೆ ಸರದಿ ಹಾಕಬೇಕಾಯಿತು. ಹೊಳೆ ಕೈಕೊಟ್ಟಾಗ ಜನ ಬಾವಿಯತ್ತ ತಿರುಗುತ್ತಾರೆ, ಬಾವಿ ಆರಿದರೆ ಕೊಳವೆಬಾವಿ ಕೊರೆಸುತ್ತಾರೆ. ಊರು ಬೆಳೆದಂತೆ ಈ ಕೊರೆತವೂ ಬೆಳೆಯುತ್ತದೆ.

ಒಳನಾಡಿನಲ್ಲಿ ಅತಿಯಾಗಿ ಎತ್ತಿದರೆ ಬಾವಿ ಬತ್ತುತ್ತದೆ, ಮಳೆ ಬಂದರೆ ಮತ್ತೆ ತುಂಬುತ್ತದೆ. ಕಡಲ ದಂಡೆಯಲ್ಲಿ ಬತ್ತುವುದರ ಜೊತೆಗೆ ಉಪ್ಪಾಗುವ ಭಯವೂ ಇದೆ, ಉಪ್ಪಾದದ್ದು ಒಂದೆರಡು ಮಳೆಗಾಲದಲ್ಲಿ ತೊಳೆದುಹೋಗುತ್ತದೆಂಬ ಖಾತ್ರಿಯಿಲ್ಲ. ಕಡಲನೀರಿನ ಲೀಟರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಪ್ಪಬಹುದಾದ ಮಿತಿ 250 ಮಿಲಿಗ್ರಾಂ; ಬೇರೆ ಆಸರೆ ಇಲ್ಲದಿದ್ದರೆ 1,000. ಎಂದರೆ 75 ಕೊಡ ಸಿಹಿನೀರಿಗೆ ಒಂದೇ ಕೊಡ ಕಡಲನೀರು ಬೆರೆತರೂ ಮೊದಲ ಮಿತಿ ಮುಟ್ಟಿದಂತೆ. ಬೆಳೆಯುತ್ತಿರುವ ಕರಾವಳಿಗೆ ಅದರ ಅಂತರ್ಜಲ ಎಷ್ಟರಮಟ್ಟಿಗೆ ಆಸರೆಯಾಗಬಲ್ಲದು ಎಂಬ ವಾದ ಶುರುವಾಗುವುದು ಈ ಕಿರಿದಾದ ಅಂತರದಿಂದ.

ಒಂದಕ್ಕೆ ನಲವತ್ತು

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಂಥ ಜಾಗದಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಒಂದು ಮರಳಿನ ಪಟ್ಟಿ. ಇಂಥ ಪಟ್ಟಿಯಲ್ಲಿ ಕೆಲವೇ ಅಡಿ ತೋಡಿದರೆ ಸಿಹಿನೀರು ಸಿಗುವುದು ಹೇಗೆ? ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಈ ಸಂಗತಿಯನ್ನು 1828ರಲ್ಲೇ ಅಮೆರಿಕದಲ್ಲಿದ್ದ ಅಧ್ಯಾಪಕ ಜೋಸೆಫ್ ಡ್ಯೂಕಮನ್ ಬರೆದಿಟ್ಟಿದ್ದ, ಯಾರೂ ಗಮನಿಸಲಿಲ್ಲ. ಆರು ದಶಕಗಳ ಮೇಲೆ ಡಚ್ ಸೇನೆಯ ಎಂಜಿನಿಯರ್ ಬಾಡೊನ್ ಗೈಬೆನ್, ಅನಂತರ 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಇದೇ ಲೆಕ್ಕಕ್ಕೆ ಬಂದರು. ಸಿದ್ಧಾಂತ ಉಳಿದದ್ದು ಈ ಇಬ್ಬರ ಹೆಸರಿನಲ್ಲಿ.

ಲೆಕ್ಕ ಸರಳವಾದದ್ದು. ಸಿಹಿನೀರಿನ ಸಾಂದ್ರತೆ 1.000, ಕಡಲನೀರಿನದು 1.025. ಹಾಗಾಗಿ ಬಾವಿಯ ನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದರಡಿ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಇದನ್ನೇ ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ: ಪಂಪು ಹಚ್ಚಿ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಅಡಿಯ ಉಪ್ಪುನೀರು ಕಾಲಕ್ರಮದಲ್ಲಿ 40 ಮೀಟರ್ ಮೇಲೇರಬಹುದು. ಕೊಳವೆಬಾವಿಯ ನೇರ ಕೆಳಗೆ ಉಪ್ಪುನೀರು ಗೋಪುರದ ಆಕಾರದಲ್ಲಿ ಮೇಲೆದ್ದು ಬರುವುದೂ ಇದರಿಂದಲೇ. ರಾಟೆಯಲ್ಲಿ ಸೇದುವ ಅಗಲದ ತೆರೆದ ಬಾವಿ ನೀರನ್ನು ಮೇಲುಪದರದಿಂದ ತುಸುತುಸುವೇ ತೆಗೆಯುತ್ತದೆ. ಆಳದ ಕೊಳವೆಬಾವಿ ಒಂದೇ ಬಿಂದುವಿನಿಂದ ಜಗ್ಗುತ್ತದೆ. ದಿನಕ್ಕೆ ಎತ್ತುವ ನೀರು ಅಷ್ಟೇ ಇದ್ದರೂ ಎರಡರ ಪರಿಣಾಮ ಒಂದೇ ಅಲ್ಲ.

ಈ ಲೆಕ್ಕದ ದೋಷವೆಂದರೆ ಅದು ನೀರನ್ನು ನಿಂತ ನೀರೆಂದು ಭಾವಿಸುತ್ತದೆ. ಅಂತರ್ಜಲ ಸದಾ ಕಡಲಿನತ್ತ ಹರಿಯುತ್ತಿರುತ್ತದೆ ಎಂಬುದನ್ನು ಹಿಡಿದು 1940ರಲ್ಲಿ ಅಮೆರಿಕದ ಭೂವಿಜ್ಞಾನಿ ಹಬರ್ಟ್ ಇದನ್ನು ತಿದ್ದಿದ. ಮಯಾಮಿಯ ಸುಣ್ಣಕಲ್ಲಿನ ಜಲಪದರವನ್ನು ಅಧ್ಯಯನ ಮಾಡಿದ ಕೂಪರ್ 1950ರ ದಶಕದ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ. ಉಪ್ಪುನೀರೂ ಸುಮ್ಮನಿರುವುದಿಲ್ಲ, ಅದು ಒಳಬಂದು, ಸಿಹಿನೀರಿನ ಜೊತೆ ಬೆರೆತು, ಮತ್ತೆ ಕಡಲಿಗೆ ಮರಳುತ್ತ ಸುತ್ತುತ್ತಿರುತ್ತದೆ. ಹಾಗಾಗಿ ಸಿಹಿ ಮತ್ತು ಉಪ್ಪಿನ ನಡುವೆ ಗೆರೆ ಕೊರೆದಂಥ ಗಡಿಯಿಲ್ಲ, ಬೆರಕೆಯ ಒಂದು ಅಗಲವಾದ ಪಟ್ಟಿ ಇದೆ. ಇಂದಿನ ಕಂಪ್ಯೂಟರ್ ಮಾದರಿಗಳೆಲ್ಲ ಈ ತಿದ್ದುಪಡಿಗಳ ಮೇಲೆ ನಿಂತವು. ಆದರೂ ಕ್ಷೇತ್ರಕಾರ್ಯದಲ್ಲಿ ಮೊದಲ ಅಂದಾಜಿಗೆ ಒಂದಕ್ಕೆ ನಲವತ್ತೇ ಬಳಕೆಯಲ್ಲಿದೆ.

'ಸುರಕ್ಷಿತ ಪ್ರಮಾಣ'ದ ಜಗಳ

ಎಷ್ಟು ಎತ್ತಬಹುದು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ತಜ್ಞರು ಕೊಟ್ಟ ಉತ್ತರ, ಇಂಗುವಷ್ಟು ಎತ್ತಬಹುದು ಎಂಬುದು. 1915ರಲ್ಲಿ ಲೀ, 1923ರಲ್ಲಿ ಮೈನ್‌ಜರ್ ಈ 'ಸುರಕ್ಷಿತ ಪ್ರಮಾಣ'ದ ಕಲ್ಪನೆಗೆ ರೂಪ ಕೊಟ್ಟರು. ಆಡಳಿತಕ್ಕೆ ಇದು ಬಹಳ ಹಿಡಿಸಿತು, ಏಕೆಂದರೆ ಕೈಗೆ ಒಂದು ಅಂಕಿ ಸಿಗುತ್ತದೆ.

1940ರಲ್ಲಿ ಅಲ್ಲಿನದೇ ಜಲವಿಜ್ಞಾನಿ ಥೈಸ್ ಇದರ ಬುಡಕ್ಕೇ ಕೈಹಾಕಿದ. ಬಾವಿ ತೋಡುವ ಮುನ್ನವೇ ಇಂಗಿದ ನೀರೆಲ್ಲ ಎಲ್ಲೋ ಹೋಗಿ ಸೇರುತ್ತಿತ್ತು. ಬಾವಿಯಿಂದ ಎತ್ತಿದ ಪ್ರತಿ ಲೀಟರೂ ಕಡೆಗೆ ಹಾಗೆ ಹೋಗಿ ಸೇರುತ್ತಿದ್ದ ಪಾಲಿನಿಂದಲೇ ಬರಬೇಕು ಎಂದ. 1982ರಲ್ಲಿ ಬ್ರೆಡೆಹೋಫ್ಟ್ ಮತ್ತು ಸಂಗಡಿಗರು ಇದನ್ನೇ ಇನ್ನಷ್ಟು ಖಾರವಾಗಿ ಹೇಳಿ, ಇಂಗುವಷ್ಟು ಎತ್ತಬಹುದೆಂಬುದು ಬರೀ ಭ್ರಮೆ ಎಂದರು. ಕರಾವಳಿಯಲ್ಲಿ ಈ ವಾದಕ್ಕೆ ತೂಕ ಹೆಚ್ಚು. ನೆಲದಡಿಯಿಂದ ಕಡಲಿಗೆ ಸೇರುವ ಸಿಹಿನೀರು 'ವ್ಯರ್ಥವಾಗುತ್ತದೆ' ಎಂದು ಹೇಳುವುದು ರೂಢಿ. ಕಡಲನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುವುದು ಆ ಹರಿವೇ. ಅಷ್ಟನ್ನೂ ಎತ್ತಿಕೊಂಡರೆ ಲೆಕ್ಕಪುಸ್ತಕ ಸರಿಹೊಂದುತ್ತದೆ, ಬಾವಿ ಉಪ್ಪಾಗುತ್ತದೆ.

ಭಾರತದಲ್ಲಿ ಈಗ ನಡೆಯುವ ಅಂತರ್ಜಲ ಮೌಲ್ಯಮಾಪನ ಮೊದಲ ಪಂಥಕ್ಕೆ ಹತ್ತಿರ. ವರ್ಷದಲ್ಲಿ ಇಂಗಿದ್ದರಲ್ಲಿ ಎತ್ತಿದ ಪಾಲು ಶೇ. 70 ದಾಟದಿದ್ದರೆ ಆ ಘಟಕ 'ಸುರಕ್ಷಿತ', ನೂರು ದಾಟಿದರೆ 'ಅತಿಬಳಕೆ'. ಸಹಜವಾಗಿ ಹೊರಗೆ ಹರಿದುಹೋಗುವುದಕ್ಕೆಂದು ಶೇ. 5ರಿಂದ 10ರಷ್ಟನ್ನು ಬದಿಗಿಡುವ ಪದ್ಧತಿಯಿದೆ. ಕೋಲಾರದಂಥ ಜಿಲ್ಲೆಗೆ ಈ ಅಳತೆಗೋಲು ಸತ್ಯವನ್ನೇ ಹೇಳುತ್ತದೆ. ದಕ್ಷಿಣ ಕನ್ನಡ, ಉಡುಪಿಗಳ ಹೆಚ್ಚಿನ ತಾಲ್ಲೂಕುಗಳು ಇದರಲ್ಲಿ 'ಸುರಕ್ಷಿತ' ಎಂದು ಬರುತ್ತವೆ, ಏಪ್ರಿಲ್‌ನಲ್ಲಿ ಅಲ್ಲಿನ ಬಾವಿ ಆರುವುದು ಮಾತ್ರ ನಿಲ್ಲುವುದಿಲ್ಲ.

ಮಿಂಜೂರಿನಲ್ಲಿ ಆದದ್ದು

ಪಠ್ಯಪುಸ್ತಕದ ಪ್ರಕಾರ ಉಪ್ಪುನೀರು ಒಳನುಗ್ಗುವುದಕ್ಕೆ ಭಾರತದ ಸ್ಪಷ್ಟ ಉದಾಹರಣೆ ಚೆನ್ನೈನ ಉತ್ತರಕ್ಕಿರುವ ಮಿಂಜೂರು. ಆರಣಿ ಮತ್ತು ಕೊಸಸ್ತಲೆಯಾರು ನದಿಗಳು ತಂದು ಹಾಸಿದ ಮರಳು, ಗರಸಿನ ದಪ್ಪ ಪದರ ಅಲ್ಲಿದೆ. 1960ರ ದಶಕದಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ನಡೆದ ಶೋಧನೆಯ ಬೆನ್ನಿಗೆ ಕೊಳವೆಬಾವಿಗಳ ಸಾಲುಗಳು ಎದ್ದವು. ನಗರಕ್ಕೂ ಮಣಲಿಯ ಕೈಗಾರಿಕೆಗಳಿಗೂ ಅಲ್ಲಿಂದ ನೀರು ಹೋಯಿತು, ಸುತ್ತಲಿನ ರೈತರೂ ಎತ್ತಿದರು. 1969ರಲ್ಲಿ ಕಡಲಿನಿಂದ ಸುಮಾರು 3 ಕಿ.ಮೀ. ಒಳಗಿದ್ದ ಉಪ್ಪಿನ ಮುಂಚೂಣಿ 1980ರ ದಶಕದಲ್ಲಿ 9 ಕಿ.ಮೀ.ವರೆಗೆ ಬಂದಿತ್ತು. 1987ರಲ್ಲಿ ಚೆನ್ನೈ ಮಹಾನಗರಕ್ಕೆಂದೇ ಅಂತರ್ಜಲ ನಿಯಂತ್ರಣ ಕಾಯ್ದೆ ಬಂತು. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಅನಂತರದ ವರ್ಷಗಳಲ್ಲಿ ಚೆನ್ನೈನ ಬಾವಿಗಳ ಮಟ್ಟ ಏರಿತು. ಅದರಲ್ಲಿ ಮಳೆಕೊಯ್ಲಿನ ಪಾಲೆಷ್ಟು, 2005ರ ಭಾರೀ ಮಳೆಯ ಪಾಲೆಷ್ಟು ಎಂಬ ಚರ್ಚೆ ಮುಗಿದಿಲ್ಲ. 2019ರಲ್ಲಿ ಅದೇ ನಗರದ ಕೆರೆಗಳೆಲ್ಲ ಬತ್ತಿದ್ದನ್ನು ನೋಡಿದರೆ, ಮಳೆಕೊಯ್ಲು ಒಂದನ್ನೇ ನಂಬಿ ಕೂರುವಂತಿಲ್ಲ ಎಂಬುದಂತೂ ನಿಜ.

ಗುಜರಾತಿನ ಸೌರಾಷ್ಟ್ರದ ದಂಡೆಯಲ್ಲಿ 1970ರ ದಶಕದಲ್ಲಿ ಇದೇ ಕಥೆ ಸುಣ್ಣಕಲ್ಲಿನ ನೆಲದಲ್ಲಿ ನಡೆಯಿತು. ಅಲ್ಲಿನ ಸರ್ಕಾರ ಉನ್ನತ ಮಟ್ಟದ ಸಮಿತಿ ಮಾಡಿ, ಹೊಳೆಬಾಯಿಗಳಿಗೆ ಅಡ್ಡಗಟ್ಟೆ, ಬಂಧಾರಗಳನ್ನು ಕಟ್ಟಿಸಿತು.

ಮುರಕಲ್ಲು, ಶೇಡಿ, ಹೊಳೆ

ಮಿಂಜೂರಿನ ನಕ್ಷೆಯನ್ನು ಹಾಗೆಯೇ ತಂದು ಮಂಗಳೂರಿನ ಮೇಲೆ ಹಾಸಿದರೆ ಹೊಂದುವುದಿಲ್ಲ. ಇಲ್ಲಿ ದಪ್ಪ ಮರಳಿನ ಪದರ ಇರುವುದು ದಂಡೆಯ ಸಪೂರ ಪಟ್ಟಿಯಲ್ಲಿ, ಹೊಳೆಗಳ ಇಕ್ಕೆಲದಲ್ಲಿ ಮಾತ್ರ. ಉಳಿದಂತೆ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಹೊಸದಾಗಿ ತೋಡಿದ ಬಾವಿಯ ಗೋಡೆಯಲ್ಲಿ ಈ ಸಾಲು ಕಣ್ಣಿಗೇ ಕಾಣುತ್ತದೆ: ಕೆಂಪು ಮುರಕಲ್ಲಿನ ತೂತುಗಳು, ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ, ಎರಡರ ಸಂದಿನಿಂದ ಜಿನುಗುವ ಒರತೆ. ಮುರಕಲ್ಲು ಮಳೆಯನ್ನು ಒಡೆದ ಮಡಕೆಯಂತೆ ತುಂಬಿಕೊಳ್ಳುತ್ತದೆ ಮತ್ತು ಬಿಡುತ್ತದೆ. ಜುಲೈನಲ್ಲಿ ಕಟ್ಟೆಯ ಹತ್ತಿರ ಬಂದ ಬಾವಿಯ ನೀರು ದೀಪಾವಳಿಯ ಹೊತ್ತಿಗೇ ಇಳಿಮುಖವಾಗಿ, ಶಿವರಾತ್ರಿ ಕಳೆದ ಮೇಲೆ ತಳದತ್ತ ಓಡುತ್ತದೆ. ನೆಲ ಕಡಲಿನತ್ತ ಇಳಿಜಾರು, ಹೊಳೆಗಳು ಗಿಡ್ಡ. ಇಂಗಿದ ನೀರು ತಿಂಗಳುಗಳೊಳಗೆ ಹೊಳೆ ಸೇರುತ್ತದೆ. ವಾರ್ಷಿಕ ಲೆಕ್ಕದಲ್ಲಿ ಬದಿಗಿಡುವ ಶೇ. 5–10 ಇಂಥ ನೆಲಕ್ಕೆ ಸಾಕಾಗುವ ಮಾತಲ್ಲ.

ಇಲ್ಲಿನ ಹಳೆಯ ಜಲಪದ್ಧತಿಗಳೆಲ್ಲ ಈ ನೆಲದ ಗುಣವನ್ನು ಅರಿತೇ ಹುಟ್ಟಿದವು. ಬಂಟ್ವಾಳ, ಪುತ್ತೂರು, ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಸುರಂಗಗಳು ಒರತೆಯನ್ನು ಇಳಿಜಾರಿನ ಬಲದಿಂದಲೇ ಹೊರತರುತ್ತವೆ. ಪಂಪು ಬೇಡ, ಮಟ್ಟ ಮಿತಿಮೀರಿ ಇಳಿಯುವುದೂ ಇಲ್ಲ. ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗುಡ್ಡದ ತಲೆಯ ಮೇಲಿನ ಮದಕಗಳು ಮಳೆನೀರನ್ನು ಹಿಡಿದು ನಿಧಾನವಾಗಿ ಇಂಗಿಸುತ್ತವೆ. ಮಳೆ ನಿಂತ ಮೇಲೆ ತೋಡುಗಳಿಗೆ ಕಲ್ಲು, ಮಣ್ಣು, ಅಡಿಕೆಮರದ ಅಡ್ಡೆಗಳಿಂದ ಹಾಕುವ ಕಟ್ಟಗಳು ಬಾವಿಯ ಮಟ್ಟವನ್ನು ಕೆಲವು ವಾರ ಹೆಚ್ಚು ಹಿಡಿದಿಡುತ್ತವೆ. ಜಲಪತ್ರಕರ್ತ ಶ್ರೀಪಡ್ರೆಯವರಂಥವರು ದಶಕಗಳಿಂದ ಕನ್ನಡದಲ್ಲಿ ಹೇಳುತ್ತ ಬಂದದ್ದು ಇದನ್ನೇ: ಬೇಕಾದದ್ದು ಹೆಚ್ಚು ನೀರಲ್ಲ, ಇದ್ದ ನೀರಿಗೆ ತಡೆ.

ಉಪ್ಪು ಬರುವ ದಾರಿಯೂ ಇಲ್ಲಿ ಬೇರೆ. ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ, ಅಘನಾಶಿನಿ ಎಲ್ಲವೂ ಬಾಯಿಯಿಂದ ಹಲವು ಕಿಲೋಮೀಟರ್ ಒಳಗಿನವರೆಗೆ ಭರತ-ಇಳಿತಕ್ಕೆ ಸಿಕ್ಕ ಹೊಳೆಗಳು. ಜನವರಿಯ ಅನಂತರ ಮೇಲಿನಿಂದ ಹರಿವು ಕುಗ್ಗಿದಂತೆ ಭರತದ ಉಪ್ಪುನೀರು ಹೊಳೆಯ ಪಾತ್ರದಲ್ಲೇ ಒಳನಾಡಿಗೆ ಬರುತ್ತದೆ, ಅಲ್ಲಿಂದ ದಂಡೆಯ ಬಾವಿಗಳಿಗೆ ಜಿನುಗುತ್ತದೆ. ಕಡಲಿಂದ ನೂರು ಮೀಟರಿನ ಬಾವಿ ಸಿಹಿಯಾಗಿದ್ದು, ಐದಾರು ಕಿಲೋಮೀಟರ್ ಒಳಗಿನ ಹೊಳೆಬದಿಯ ಬಾವಿ ಮಾರ್ಚ್‌ನಲ್ಲಿ ತುಸು ಉಪ್ಪಾಗುವುದಕ್ಕೆ ಕಾರಣ ಇದು. ಮರಳುಗಾರಿಕೆಯಿಂದ ಹೊಳೆಯ ತಳ ಆಳವಾದಷ್ಟೂ ಭರತ ಇನ್ನಷ್ಟು ಒಳಗೆ ಏರುತ್ತದೆ. ಪಾವಂಜೆ ಮತ್ತು ಗುರುಪುರ ಹೊಳೆಗಳ ನಡುವಿನ ನೆಲವನ್ನು ಸುರತ್ಕಲ್‌ನ ಎನ್‌ಐಟಿಕೆ ತಜ್ಞರು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವುದೂ ಇಂಥ ಸಂಬಂಧವನ್ನು ತಿಳಿಯಲೆಂದೇ. ಈ ಕರಾವಳಿಯ ಮಟ್ಟಿಗೆ ಹೊಳೆಯನ್ನು ಬಿಟ್ಟು ಬಾವಿಯ ಲೆಕ್ಕ ಹಾಕುವುದು ಅರ್ಧ ಲೆಕ್ಕ.

ಅಡ್ಡಗಟ್ಟುವವರು, ತುಂಬಿಸುವವರು, ಕಡಲನ್ನೇ ಸೋಸುವವರು

ಪರಿಹಾರದ ವಿಷಯದಲ್ಲಿ ಎಂಜಿನಿಯರುಗಳಲ್ಲೂ ಒಮ್ಮತವಿಲ್ಲ. ಒಂದು ಪಂಥ ಉಪ್ಪಿಗೆ ಅಡ್ಡಗೋಡೆ ಎಬ್ಬಿಸುತ್ತದೆ. ಲಾಸ್ ಏಂಜಲೀಸ್‌ನಲ್ಲಿ 1950ರ ದಶಕದಿಂದ ಕಡಲಿಗೆ ಸಮಾನಾಂತರವಾಗಿ ಬಾವಿಗಳ ಸಾಲು ತೋಡಿ, ಸಿಹಿನೀರನ್ನು ಒತ್ತಡದಿಂದ ಒಳಕ್ಕೆ ತುಂಬುತ್ತ ಬಂದಿದ್ದಾರೆ. ಪಕ್ಕದ ಆರೆಂಜ್ ಕೌಂಟಿ 1976ರಿಂದ ಶುದ್ಧೀಕರಿಸಿದ ಚರಂಡಿ ನೀರನ್ನೇ ಇದಕ್ಕೆ ಬಳಸಿತು. 2008ರಲ್ಲಿ ಆ ವ್ಯವಸ್ಥೆಯನ್ನು ಬಹುದೊಡ್ಡದಾಗಿ ವಿಸ್ತರಿಸಿತು. ಇನ್ನೊಂದು ಪಂಥ ಖರ್ಚಾದದ್ದನ್ನು ತುಂಬಿಸುತ್ತದೆ. ಆಮ್‌ಸ್ಟರ್‌ಡ್ಯಾಮ್ ನಗರ 1853ರಿಂದ ಕಡಲದಂಡೆಯ ಮರಳುದಿಬ್ಬಗಳ ನೀರನ್ನು ಕುಡಿಯಿತು, ಎತ್ತಿ ಎತ್ತಿ ಅಡಿಯ ಉಪ್ಪು ಮೇಲೇರಿದಾಗ 1957ರಿಂದ ರೈನ್ ನದಿಯ ನೀರನ್ನು ತಂದು ಅದೇ ದಿಬ್ಬಗಳಲ್ಲಿ ಇಂಗಿಸತೊಡಗಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಅಂಥ ಯಾವ ಉಪಾಯವೂ ಇರಲಿಲ್ಲ. ಬಾವಿಗಳು ಉಪ್ಪಾದ ಮೇಲೆ 1947ರಲ್ಲಿ ಕುಡಿಯುವ ನೀರಿಗಾಗಿ ಎತ್ತುವುದನ್ನೇ ನಿಲ್ಲಿಸಿ ದೂರದ ಜಲಾಶಯಕ್ಕೆ ಕೈಚಾಚಬೇಕಾಯಿತು.

ಕರ್ನಾಟಕ ಹಿಡಿದ ದಾರಿ ಹೊಳೆಗೆ ಅಡ್ಡಗಟ್ಟುವುದು. ಉತ್ತರ ಕನ್ನಡದ ಖಾರ್ಲ್ಯಾಂಡ್ ಕಟ್ಟೆಗಳು ಮೂಲದಲ್ಲಿ ಹೊಳೆಬಾಯಿಯ ತಗ್ಗಿನ ಗಜನಿ ಗದ್ದೆಗಳಿಗೆ ಉಪ್ಪು ನುಗ್ಗದಂತೆ ಹಾಕಿದವು. ಅಲ್ಲಿನ ರೈತರು ಉಪ್ಪು ತಾಳುವ ಕಗ್ಗ ಭತ್ತವನ್ನು ಅದೇ ಗದ್ದೆಗಳಲ್ಲಿ ಬೆಳೆಯುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಈಗ 'ಪಶ್ಚಿಮ ವಾಹಿನಿ' ಯೋಜನೆಯಡಿ ಕಿಂಡಿ ಅಣೆಕಟ್ಟುಗಳು ಏಳುತ್ತಿವೆ. ಮಳೆ ಕಡಿಮೆಯಾದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಬೇಕು, ಮುಂಗಾರಿನ ಮೊದಲು ತೆಗೆಯಬೇಕು. ಹಲಗೆ ಸಕಾಲಕ್ಕೆ ಇಳಿದರೆ ಮೇಲ್ಭಾಗದ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ತಡವಾದರೆ ಹರಿವು ಆಗಲೇ ಹೋಗಿರುತ್ತದೆ, ಅಣೆಕಟ್ಟು ಸೇತುವೆಯಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಯ ಫಲ ಕೊನೆಗೆ ನಿಂತಿರುವುದು ನವೆಂಬರ್-ಡಿಸೆಂಬರ್‌ನಲ್ಲಿ ಯಾರು ಹಲಗೆ ಹಾಕುತ್ತಾರೆ ಎಂಬುದರ ಮೇಲೆ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಮೂರನೆಯ ದಾರಿ ಕಡಲನೀರನ್ನೇ ಸಿಹಿಮಾಡುವುದು. ಚೆನ್ನೈ 2010ರಲ್ಲಿ ಮಿಂಜೂರಿನಲ್ಲಿ ದಿನಕ್ಕೆ 10 ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರ ಆರಂಭಿಸಿತು. ಅಂತರ್ಜಲ ಉಪ್ಪಾದ ಊರಿನಲ್ಲೇ. ಮಂಗಳೂರಿನ ತೈಲ ಶುದ್ಧೀಕರಣಾಗಾರ 2012 ಮತ್ತು 2019ರ ಬೇಸಿಗೆಗಳಲ್ಲಿ ನೀರಿಲ್ಲದೆ ಕೆಲವು ಘಟಕಗಳನ್ನು ನಿಲ್ಲಿಸಿತ್ತು; ಬಳಿಕ ತಣ್ಣೀರುಬಾವಿಯಲ್ಲಿ ತನ್ನದೇ ಸ್ಥಾವರ ಕಟ್ಟಿಕೊಂಡಿತು. ದೊಡ್ಡ ಕೈಗಾರಿಕೆ ಕಡಲಿಗೆ ಹೋದರೆ ಹೊಳೆ ಊರಿಗೆ ಉಳಿಯುತ್ತದೆ ಎಂಬ ವಾದದಲ್ಲಿ ಹುರುಳಿದೆ. ವಿದ್ಯುತ್ ಖರ್ಚು ಮತ್ತು ಮರಳಿ ಕಡಲಿಗೆ ಬಿಡುವ ಗಾಢ ಉಪ್ಪುನೀರು ಅದರ ಬೆಲೆ.

ಕಡಲು ಏರುವ ಮಾತು

ಹವಾಮಾನ ಬದಲಾಗಿ ಸಮುದ್ರಮಟ್ಟ ಏರಿದರೆ ಬಾವಿಗಳೆಲ್ಲ ಉಪ್ಪಾಗುತ್ತವೆ ಎಂಬ ಭಯ ವ್ಯಾಪಕವಾಗಿದೆ. 2009ರಲ್ಲಿ ಆಸ್ಟ್ರೇಲಿಯಾದ ವರ್ನರ್ ಮತ್ತು ಸಿಮನ್ಸ್ ಇದನ್ನು ಎರಡಾಗಿ ಒಡೆದು ತೋರಿಸಿದರು. ಕಡಲಿನ ಜೊತೆ ಅಂತರ್ಜಲದ ಮಟ್ಟವೂ ಏರಲು ಅವಕಾಶವಿರುವಲ್ಲಿ ಉಪ್ಪು ಹೆಚ್ಚು ಮುಂದೆ ಬರುವುದಿಲ್ಲ. ಪಂಪು, ಕಾಲುವೆಗಳಿಂದ ಮಟ್ಟವನ್ನು ಕಟ್ಟಿಹಾಕಿದಲ್ಲಿ ಬಹಳ ದೂರ ಬರುತ್ತದೆ. 2012ರಲ್ಲಿ ಫರ್ಗುಸನ್ ಮತ್ತು ಗ್ಲೀಸನ್ ಅಮೆರಿಕದ ಕರಾವಳಿಗಳನ್ನು ಹೋಲಿಸಿ, ತೀರಾ ತಗ್ಗಿನ ಸಮತಟ್ಟು ನೆಲಗಳನ್ನು ಬಿಟ್ಟರೆ ಉಳಿದೆಡೆ ಕಡಲೇರಿಕೆಗಿಂತ ಪಂಪಿನ ಹಾವಳಿಯೇ ದೊಡ್ಡದು ಎಂದರು. ಇಳಿಜಾರಿನ ಕನ್ನಡ ಕರಾವಳಿಗೆ ಈ ತೀರ್ಮಾನ ಬಹುಮಟ್ಟಿಗೆ ಒಪ್ಪುತ್ತದೆ. ಹೊಳೆಬಾಯಿಯ ತಗ್ಗುಗಳಿಗೆ, ಕೋಡಿ ಬೆಂಗ್ರೆಯಂಥ ಮರಳಿನ ಪಟ್ಟಿಗಳಿಗೆ ಒಪ್ಪುವುದಿಲ್ಲ.

ಬಾವಿ ಯಾರದು

1882ರ ಸುಖಾಧಿಕಾರ ಕಾಯ್ದೆಯ ಕಾಲದಿಂದ ತನ್ನ ನೆಲದಡಿಯ ನೀರು ತನ್ನದೆಂಬುದು ಭೂಮಾಲಕರ ನಂಬಿಕೆ, ಕಾನೂನಿನ ಆಸರೆಯೂ ಅದಕ್ಕಿದೆ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಮೊದಲ ಬಾರಿಗೆ ಇದಕ್ಕೆ ಕಡಲಿನ ಕಡೆಯಿಂದ ಗೆರೆ ಎಳೆಯಿತು. 2011ರ ಅಧಿಸೂಚನೆಯ ಪ್ರಕಾರ ಭರತರೇಖೆಯಿಂದ 200 ಮೀಟರ್ ಒಳಗೆ ಸ್ಥಳೀಯರ ಸ್ವಂತ ಬಳಕೆಗಲ್ಲದೆ ಅಂತರ್ಜಲ ಎತ್ತುವಂತಿರಲಿಲ್ಲ. 200ರಿಂದ 500 ಮೀಟರ್ ನಡುವೆ, ಬೇರೆ ಆಸರೆ ಇಲ್ಲದಿದ್ದಾಗ, ಸಾದಾ ಬಾವಿಯಿಂದ ಕೈಯಲ್ಲಿ ಸೇದಬಹುದಿತ್ತು. ವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ನಿಯಮ, ಪಾಲನೆಯ ದೃಷ್ಟಿಯಿಂದ ದುರ್ಬಲ. ಮೇಲಾಗಿ ಉಪ್ಪು ಹೊಳೆಯಿಂದ ಬರುವಲ್ಲಿ ಕಡಲಿನಿಂದ ಅಳೆದ ದೂರಕ್ಕೆ ಹೆಚ್ಚು ಅರ್ಥವಿಲ್ಲ. 2011ರಲ್ಲೇ ಕರ್ನಾಟಕ ತನ್ನ ಅಂತರ್ಜಲ ನಿಯಂತ್ರಣ ಕಾಯ್ದೆ ತಂದಿತು. ಅದರ ಬಿಗಿ ಹಿಡಿತವಿರುವುದು ಅಧಿಸೂಚಿತ ಪ್ರದೇಶಗಳ ಮೇಲೆ, ವಾರ್ಷಿಕ ಲೆಕ್ಕದಲ್ಲಿ 'ಸುರಕ್ಷಿತ'ವಾದ ಕರಾವಳಿಯ ಮೇಲೆ ಅಷ್ಟಾಗಿ ಇಲ್ಲ.

ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಶೌಚದ ಗುಂಡಿ ಮೂರನ್ನೂ ಕಟ್ಟುವ ಪೇಟೆಬದುಕು ಇನ್ನೊಂದು ತೊಡಕು ತಂದಿದೆ. ತೂತುಗಳ ಮುರಕಲ್ಲು ಗುಂಡಿಯ ನೀರನ್ನು ಸೋಸದೆ ಬಾವಿಗೆ ದಾಟಿಸಬಲ್ಲದು. ಉಪ್ಪಾಗುವ ಎಷ್ಟೋ ಮೊದಲೇ ಬಾವಿ ಈ ಕಾರಣಕ್ಕೆ ಕೈಬಿಟ್ಟುಹೋಗುತ್ತದೆ.

ಇನ್ನೂ ಇತ್ಯರ್ಥವಾಗದವು

ಮುರಕಲ್ಲಿನ ನೆಲದಲ್ಲಿ ಮನೆಮನೆಯ ಇಂಗುಗುಂಡಿ ಎಷ್ಟು ಫಲ ಕೊಡುತ್ತದೆ ಎಂಬುದು ಮೊದಲನೆಯದು. ಜುಲೈನಲ್ಲಿ ತುಂಬಿ ನಿಂತ ನೆಲಕ್ಕೆ ಇನ್ನಷ್ಟು ಇಂಗಿಸಿದರೆ ಅದು ಹೊಳೆಗೇ ಹೋಗುತ್ತದೆ ಎನ್ನುವವರಿದ್ದಾರೆ; ಸೆಪ್ಟೆಂಬರ್-ಅಕ್ಟೋಬರಿನ ಮಳೆಯನ್ನು ಹಿಡಿದರೆ ಜನವರಿಯಲ್ಲಿ ವ್ಯತ್ಯಾಸ ಕಾಣುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಒಂದೇ ಗುಡ್ಡದ ಬೇರೆಬೇರೆ ಬಾವಿಗಳಲ್ಲಿ ನಿಜವಾಗಬಹುದು.

ಎರಡನೆಯದು ಎತ್ತಿನಹೊಳೆ. ನೇತ್ರಾವತಿಯ ಉಪನದಿಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಈ ಯೋಜನೆಯ ಮೊದಲ ಹಂತಕ್ಕೆ 2024ರಲ್ಲಿ ಚಾಲನೆ ಸಿಕ್ಕಿತು. ಎತ್ತುವುದು ಮಳೆಗಾಲದ ನೀರನ್ನು ಮಾತ್ರ, ಬೇಸಿಗೆಯ ಹರಿವಿಗೆ ಧಕ್ಕೆಯಿಲ್ಲ ಎಂಬುದು ಸರ್ಕಾರದ ನಿಲುವು. ಘಟ್ಟದ ಕಾಡು ಕಡಿದು ಮಳೆಗಾಲದ ಹರಿವನ್ನು ಕದಲಿಸಿದರೆ ಬೇಸಿಗೆಯ ಒರತೆಯೂ ಉಪ್ಪಿನ ಗಡಿಯೂ ಕದಲುತ್ತವೆ ಎಂಬುದು ಕರಾವಳಿಯ ವಿರೋಧ. ವರ್ಷಗಟ್ಟಲೆ ಅಳೆಯದೆ ಇದು ತೀರ್ಮಾನವಾಗುವಂಥದ್ದಲ್ಲ.

ಮೂರನೆಯದು ಕಡಲಿನಡಿಯ ನೀರು. ಜಗತ್ತಿನ ಹಲವೆಡೆ ಸಮುದ್ರತಳದ ಕೆಳಗೆ ಸಿಹಿ ಅಥವಾ ಅಲ್ಪ ಉಪ್ಪಿನ ನೀರು ಸುಮಾರು 5 ಲಕ್ಷ ಘನ ಕಿಲೋಮೀಟರಿನಷ್ಟು ಇದೆಯೆಂದು 2013ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಅದರಲ್ಲಿ ಹೆಚ್ಚಿನದು ಸಮುದ್ರಮಟ್ಟ ತಗ್ಗಿದ್ದ ಹಿಮಯುಗಗಳಲ್ಲಿ ಇಂಗಿದ್ದು, ಮತ್ತೆ ತುಂಬುವಂಥದ್ದಲ್ಲ. ಅದನ್ನು ಆಸರೆಯೆನ್ನಬೇಕೋ ಒಮ್ಮೆಗೆ ಮುಗಿಯುವ ಗಣಿಯೆನ್ನಬೇಕೋ ಎಂಬಲ್ಲೇ ತಜ್ಞರಲ್ಲಿ ಭಿನ್ನಮತವಿದೆ.

ಕೊನೆಯದು ಅಳತೆಯ ವಿಷಯ. ಕರಾವಳಿಯ ಬಾವಿಗೆ 'ಸುರಕ್ಷಿತ' ಎಂಬ ಹಣೆಪಟ್ಟಿ ಅಂಟಿಸಲು ವಾರ್ಷಿಕ ಅನುಪಾತವೊಂದೇ ಸಾಲದು; ಏಪ್ರಿಲ್-ಮೇ ತಿಂಗಳ ನೀರಿನ ಮಟ್ಟ, ಅದೇ ದಿನದ ಕ್ಲೋರೈಡ್, ಹತ್ತಿರದ ಹೊಳೆಯಲ್ಲಿ ಭರತ ಏರಿದ ದೂರ, ಈ ಮೂರೂ ಒಂದೇ ಪಟ್ಟಿಯಲ್ಲಿ ಬೇಕು. ಬೇಸಿಗೆಯ ಆ ಎಂಟು ವಾರಗಳ ಮಿತಿ ಎಷ್ಟು, ಅದನ್ನು ಮನೆ, ತೋಟ, ಕೈಗಾರಿಕೆಗಳ ನಡುವೆ ಹಂಚುವವರು ಯಾರು ಎಂಬುದು ಯಾವ ಕಾಯ್ದೆಯಲ್ಲೂ ಇನ್ನೂ ಬರೆದಿಲ್ಲ.